ಪರದೆಯ ಮೇಲಿನ ಪಹಣಿ, ಕಾಲಡಿಯ ಮಣ್ಣು

ಇಂದಿನ ಉತ್ತರ ಪ್ರದೇಶದ ಮಧುಬನ್ ಎಂಬಲ್ಲಿ ದೊರೆತ ತಾಮ್ರಪಟವೊಂದರಲ್ಲಿ ಕುತೂಹಲಕರವಾದ ಸಂಗತಿಯೊಂದಿದೆ. ಅದನ್ನು ಬರೆಸಿದವನು ಹರ್ಷವರ್ಧನ. ಕಾಲ ಸುಮಾರು ಕ್ರಿ.ಶ. 631. ಸೋಮಕುಂಡಕಾ ಎಂಬ ಗ್ರಾಮವನ್ನು ವಾಮರಥ್ಯನೆಂಬ ಬ್ರಾಹ್ಮಣನೊಬ್ಬ ಕೂಟಶಾಸನದ, ಅಂದರೆ ಖೊಟ್ಟಿ ಶಾಸನದ ಬಲದಿಂದ ಅನುಭವಿಸುತ್ತಿದ್ದ. ಅದು ಬಯಲಾದ ಮೇಲೆ ಅರಸ ಆ ಶಾಸನವನ್ನು ಮುರಿಸಿ, ಊರನ್ನು ಅವನಿಂದ ಬಿಡಿಸಿ, ಬೇರೆ ಇಬ್ಬರಿಗೆ ದಾನವಾಗಿ ಕೊಟ್ಟ. ಕನ್ನಡ ನಾಡಿನ ಇಮ್ಮಡಿ ಪುಲಕೇಶಿ ನರ್ಮದೆಯ ಬಳಿ ತಡೆದು ನಿಲ್ಲಿಸಿದ ಹರ್ಷ ಇವನೇ.

ಭೂಮಿಯ ಪತ್ರಕ್ಕೆ ಎಷ್ಟು ವಯಸ್ಸೋ ಖೊಟ್ಟಿ ಪತ್ರಕ್ಕೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು ಎಂಬುದಕ್ಕೆ ಇದೊಂದು ಸಾಕ್ಷಿ. ನಮ್ಮಲ್ಲಿ ಗಂಗ ಅರಸರ ಹೆಸರಿನಲ್ಲಿ ಸಿಕ್ಕ ಹಲವು ತಾಮ್ರಪಟಗಳನ್ನು ಇತಿಹಾಸಕಾರ ಫ್ಲೀಟ್ ಕೃತಕವೆಂದು ತಳ್ಳಿಹಾಕಿದ, ಬಿ.ಎಲ್. ರೈಸ್ ಅವುಗಳ ಪರವಾಗಿ ವಾದಿಸಿದ. ದಾನಶಾಸನಗಳ ಕೊನೆಯಲ್ಲಿ, ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪ ಇರುವುದನ್ನು ಅನೇಕರು ಕೇಳಿರಬಹುದು. ಶಾಪಕ್ಕೂ ಹೆದರದವರು ಆಗಲೂ ಇದ್ದರು ಎಂದೇ ಅದನ್ನು ಅಷ್ಟು ಬಾರಿ ಬರೆಯಬೇಕಾಯಿತು.

ಈಗ ಶಾಪದ ಜಾಗಕ್ಕೆ ಕಾನೂನು ಬಂದಿದೆ, ತಾಮ್ರಪಟದ ಜಾಗಕ್ಕೆ ಗಣಕದ ಪರದೆ ಬಂದಿದೆ. ಮನೆಯಲ್ಲಿ ಕುಳಿತೇ ಸರ್ವೆ ನಂಬರು ಒತ್ತಿ ಪಹಣಿ ನೋಡಬಹುದು, ಋಣಭಾರ ಪತ್ರ ತೆಗೆಯಬಹುದು, ನಕ್ಷೆ ಬಿಡಿಸಬಹುದು. ಆದರೂ ನಿವೃತ್ತಿಯ ಹಣವನ್ನೆಲ್ಲ ಸುರಿದು ಎರಡು ಎಕರೆ ಕೊಂಡು, ಮರುವರ್ಷವೇ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತುವವರು ಕಡಿಮೆಯಾಗಿಲ್ಲ. ದಾಖಲೆ ಸುಲಭವಾಗಿ ಸಿಗುತ್ತಿದ್ದರೂ ಹೀಗೇಕೆ ಆಗುತ್ತದೆ? ಉತ್ತರ ತಿಳಿಯಬೇಕಾದರೆ ಈ ದಾಖಲೆಗಳು ಯಾವುದಕ್ಕಾಗಿ ಹುಟ್ಟಿದವು, ಯಾವ ಮಾತು ಹೇಳಬಲ್ಲವು, ಯಾವುದನ್ನು ಹೇಳಲಾರವು ಎಂಬುದನ್ನು ನೋಡಬೇಕು.

ಕಡತದಿಂದ ಗಣಕಕ್ಕೆ

ಹಳ್ಳಿಯಲ್ಲಿ ಯಾರ ಹೊಲ ಯಾವುದು, ಅದಕ್ಕೆ ಕಂದಾಯವೆಷ್ಟು ಎಂಬುದನ್ನು ಬರೆದಿಡುತ್ತಿದ್ದವನು ಶಾನುಭೋಗ. ಹಳೆಯ ಶಾಸನಗಳ ಸೇನಬೋವನೇ ಮುಂದೆ ಶಾನುಭೋಗನಾದ. ಬಳ್ಳಾರಿಯ ಕಡೆ ಅವನನ್ನು ಕರಣಂ ಎಂದೂ, ಮುಂಬಯಿ ಕರ್ನಾಟಕದಲ್ಲಿ ಕುಲಕರ್ಣಿ ಎಂದೂ ಕರೆಯುತ್ತಿದ್ದರು. ಅವನ ಪುಸ್ತಕವೇ ಕಡತ. ಬಟ್ಟೆಗೆ ಹುಣಿಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಹಾಳೆ ಅದು. ಬಳಪದಿಂದ ಬರೆಯುವುದು, ಬೇಡವಾದರೆ ಒರೆಸಿ ಮತ್ತೆ ಬರೆಯುವುದು. ಇಂದು ಸರ್ಕಾರಿ ಕಚೇರಿಯಲ್ಲಿ ‘ಕಡತ ವಿಲೇವಾರಿ’ ಎನ್ನುವಾಗ ಬಳಸುವ ಮಾತು ಆ ಕಪ್ಪು ಬಟ್ಟೆಯಿಂದಲೇ ಬಂದದ್ದು. ಒರೆಸಿ ಬರೆಯಬಹುದಾದ ಪುಸ್ತಕ ಒಬ್ಬನ ಮನೆಯಲ್ಲಿದ್ದರೆ ಊರಿನ ಹಣೆಬರಹವೂ ಅವನ ಬೆರಳ ತುದಿಯಲ್ಲಿರುತ್ತದೆ.

ಭೂದಾಖಲೆಯ ನುಡಿಗಟ್ಟಿನಲ್ಲಿಯೇ ನಾಡಿನ ಆಡಳಿತದ ಚರಿತ್ರೆ ಪದರಪದರವಾಗಿ ಉಳಿದಿದೆ. ಪಹಣಿ ಎಂಬುದು ಮರಾಠಿಯ ಮಾತು. ಕಣ್ಣಾರೆ ನೋಡಿ ಪರಿಶೀಲಿಸುವುದು ಎಂದು ಅದರ ಅರ್ಥ. ಬೆಳೆಯನ್ನು ಹೊಲಕ್ಕೇ ಹೋಗಿ ನೋಡಿ ಬರೆಯಬೇಕು ಎಂಬ ನಿಯಮ ಆ ಹೆಸರಿನಲ್ಲಿಯೇ ಅಡಗಿದೆ. ಖರಾಬು, ದರಖಾಸ್ತು, ತಹಶೀಲ್ದಾರ, ದಫ್ತರ ಇವೆಲ್ಲ ಪಾರಸಿಯ ಮೂಲಕ ಬಂದವು. ಬಗರ್ ಹುಕುಂ ಎಂದರೆ ಅಪ್ಪಣೆ ಇಲ್ಲದ ಸಾಗುವಳಿ. ಸರ್ವೆ ಎಂಬ ಇಂಗ್ಲಿಷ್ ಮಾತು ಬಂದದ್ದು ಕೊನೆಯಲ್ಲಿ. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ 1863ರಲ್ಲಿ ಆರಂಭವಾಯಿತು. ಮೂವತ್ತಮೂರು ಅಡಿಯ ಸರಪಳಿ ಎಳೆದು ಹೊಲಗಳನ್ನು ಅಳೆದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವಾದರೆ 1089 ಚದರ ಅಡಿ. ಅದೇ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಗುಂಟೆಯನ್ನು ಹದಿನಾರು ಆಣೆಯಾಗಿ ಭಾಗಿಸಿದರು. ಚಲಾವಣೆಯಿಂದ ಆಣೆ ಹೋಗಿ ದಶಕಗಳಾದರೂ ಪಹಣಿಯಲ್ಲಿ ಅದು ಇಂದಿಗೂ ಉಳಿದುಕೊಂಡಿದೆ.

ಈ ಅಳತೆಯ ಉದ್ದೇಶವನ್ನು ಮರೆಯಬಾರದು. ಸರ್ಕಾರಕ್ಕೆ ಬೇಕಾಗಿದ್ದದ್ದು ಕಂದಾಯ. ಯಾರಿಂದ ಎಷ್ಟು ವಸೂಲು ಮಾಡಬೇಕು ಎಂಬುದು ಅದರ ಪ್ರಶ್ನೆಯಾಗಿತ್ತೇ ಹೊರತು, ಯಾರು ನಿಜವಾದ ಒಡೆಯ ಎಂಬುದಲ್ಲ. ಪಹಣಿಯೂ ಖಾತೆಯೂ ಮೊದಲಿಗೆ ಕಂದಾಯದ ಲೆಕ್ಕಗಳು. ಒಡೆತನದ ಭಾರವನ್ನು ಜನ ಆಮೇಲೆ ಅವುಗಳ ಮೇಲೆ ಹೊರಿಸಿದರು.

ಪಟೇಲ, ಶಾನುಭೋಗರ ವಂಶಪಾರಂಪರ್ಯ ಹುದ್ದೆಗಳನ್ನು ರದ್ದುಗೊಳಿಸುವ ಕಾಯಿದೆ 1961ರಲ್ಲಿ ಬಂತು, 1963ರಿಂದ ಜಾರಿಯಾಯಿತು. ಅವರ ಜಾಗಕ್ಕೆ ಸರ್ಕಾರಿ ನೌಕರನಾದ ಗ್ರಾಮಲೆಕ್ಕಿಗ ಬಂದ. 1964ರ ಭೂಕಂದಾಯ ಕಾಯಿದೆ ಹಕ್ಕುದಾಖಲೆಗೂ ಮ್ಯುಟೇಷನ್ ವಹಿಗೂ ರೂಪು ಕೊಟ್ಟಿತು. ಆದರೂ ಪುಸ್ತಕ ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರ ಚೀಲದಲ್ಲಿಯೇ ಉಳಿಯಿತು. ಒಂದು ಪಹಣಿ ನಕಲಿಗೆ ರೈತ ವಾರಗಟ್ಟಲೆ ಅಲೆಯಬೇಕಾಗಿದ್ದ ಕಾಲವನ್ನು ಕಂಡವರು ಇನ್ನೂ ಇದ್ದಾರೆ.

ಈ ಸ್ಥಿತಿಯನ್ನು ಬದಲಿಸಿದ್ದು ‘ಭೂಮಿ’ ಯೋಜನೆ. 2000ದ ಆಸುಪಾಸಿನಲ್ಲಿ ಕಂದಾಯ ಇಲಾಖೆ ರಾಷ್ಟ್ರೀಯ ಮಾಹಿತಿ ಕೇಂದ್ರದ ನೆರವಿನಿಂದ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿತು. ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಇದರ ಮುಂದಾಳಾಗಿದ್ದರು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಹದಿನೈದು ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡಬೇಕೆಂಬ ಕಟ್ಟು ಬಂತು. ದೇಶದ ಇತರ ರಾಜ್ಯಗಳು ಇದನ್ನು ನೋಡಲು ಬಂದವು. ದಾಖಲೆ ಸುಲಭವಾಗಿ ಸಿಕ್ಕಿದ್ದು ಸಣ್ಣ ಹಿಡುವಳಿದಾರನಿಗಿಂತ ಭೂಮಿ ಹುಡುಕುವ ದೊಡ್ಡ ಕುಳಗಳಿಗೇ ಹೆಚ್ಚು ಅನುಕೂಲವಾಯಿತು ಎಂಬ ಟೀಕೆಯೂ ಬಂತು. ಏನೇ ಇರಲಿ, ಗಣಕ ಮಾಡಿದ್ದು ಇಷ್ಟು: ಪುಸ್ತಕದಲ್ಲಿ ಇದ್ದದ್ದನ್ನು ಇದ್ದಂತೆ ಎತ್ತಿಕೊಂಡಿತು. ಹಳೆಯ ಪುಸ್ತಕದ ತಪ್ಪು ಹೊಸ ಪರದೆಯ ಮೇಲೆ ಚೆಂದದ ಅಕ್ಷರದಲ್ಲಿ ಮೂಡಿತು.

ಪಹಣಿಯ ಅಂಕಣಗಳು

ಪಹಣಿಯನ್ನು ಕೈಯಲ್ಲಿ ಹಿಡಿದವರು ಸಾಮಾನ್ಯವಾಗಿ ನೋಡುವುದು ಒಂದೇ ಅಂಕಣವನ್ನು, ಹೆಸರಿರುವ ಒಂಬತ್ತನೆಯದನ್ನು. ಮಾರುವವನ ಹೆಸರು ಅಲ್ಲಿದ್ದರೆ ಮನಸ್ಸಿಗೆ ನೆಮ್ಮದಿ. ಆದರೆ ಅನುಭವಸ್ಥರು ಮೊದಲು ನೋಡುವುದು ಮೂರು, ಹತ್ತು, ಹನ್ನೊಂದು ಮತ್ತು ಹನ್ನೆರಡನೆಯ ಅಂಕಣಗಳನ್ನು.

ಮೂರನೆಯ ಅಂಕಣದಲ್ಲಿ ವಿಸ್ತೀರ್ಣವಿದೆ. ಒಟ್ಟು ಎಷ್ಟು, ಅದರಲ್ಲಿ ಖರಾಬು ಎಷ್ಟು, ಉಳಿದದ್ದೆಷ್ಟು ಎಂದು ಬಿಡಿಸಿ ಬರೆದಿರುತ್ತಾರೆ. ಖರಾಬಿನಲ್ಲಿ ಎರಡು ಬಗೆ. ಬಂಡೆ, ದಿಬ್ಬದಂಥ ಸಾಗುವಳಿಗೆ ಬಾರದ ಜಾಗ ‘ಅ’ ಖರಾಬು. ದಾರಿ, ಹಳ್ಳ, ಕಾಲುವೆ, ಸ್ಮಶಾನದಂಥ ಸಾರ್ವಜನಿಕರ ಜಾಗ ‘ಬ’ ಖರಾಬು; ಅದು ಯಾರೂ ಮಾರುವಂಥದ್ದಲ್ಲ. ಎರಡು ಎಕರೆ ಎಂದು ಹಣ ಕೊಟ್ಟವನಿಗೆ ನಡುವೆ ಹತ್ತು ಗುಂಟೆ ಹಳ್ಳ ಬಂದರೆ ಆ ಹತ್ತು ಗುಂಟೆಯ ಹಣ ನೀರಿಗೆ ಬಿದ್ದಂತೆಯೇ.

ಹತ್ತನೆಯ ಅಂಕಣ ಆ ಹೆಸರು ಅಲ್ಲಿಗೆ ಹೇಗೆ ಬಂತು ಎಂದು ಹೇಳುತ್ತದೆ: ಕ್ರಯದಿಂದಲೋ, ಪೌತಿಯಿಂದಲೋ, ವಿಭಾಗದಿಂದಲೋ, ಮಂಜೂರಾತಿಯಿಂದಲೋ. ಅದರ ಜೊತೆಗೊಂದು ಎಂ.ಆರ್. ಸಂಖ್ಯೆ ಇರುತ್ತದೆ. ಈ ಸಂಖ್ಯೆಯೇ ಹಿಂದಿನ ಕಾಲಕ್ಕೆ ಹೋಗುವ ಬಾಗಿಲು. ಹನ್ನೊಂದನೆಯದು ಹಕ್ಕು ಮತ್ತು ಋಣಗಳ ಅಂಕಣ. ಬ್ಯಾಂಕಿನ ಸಾಲ, ಸಹಕಾರಿ ಸಂಘದ ಆಧಾರ, ನ್ಯಾಯಾಲಯದ ತಡೆಯಾಜ್ಞೆ, ಪರಭಾರೆ ಮಾಡಬಾರದೆಂಬ ಷರತ್ತು ಎಲ್ಲ ಇಲ್ಲಿ ಬರುತ್ತವೆ. ಹನ್ನೆರಡನೆಯದರಲ್ಲಿ ಸಾಗುವಳಿ ಮಾಡುತ್ತಿರುವವನ ಹೆಸರು ಮತ್ತು ಬೆಳೆ ಇರುತ್ತದೆ. ಒಂಬತ್ತರಲ್ಲಿ ಒಬ್ಬನ ಹೆಸರು, ಹನ್ನೆರಡರಲ್ಲಿ ಇನ್ನೊಬ್ಬನ ಹೆಸರು ವರ್ಷಗಟ್ಟಲೆ ಮುಂದುವರಿದಿದ್ದರೆ ಆ ಇನ್ನೊಬ್ಬ ಯಾರು ಎಂದು ಕೇಳದೆ ಮುಂದೆ ಹೋಗಬಾರದು.

ಒಂದೇ ವರ್ಷದ ಪಹಣಿ ಒಂದು ದಿನದ ಛಾಯಾಚಿತ್ರವಿದ್ದಂತೆ. ವರ್ಷದಿಂದ ವರ್ಷಕ್ಕೆ ಹಿಂದಕ್ಕೆ ಹೋಗಿ, ಗಣಕದಲ್ಲಿ ಇಲ್ಲದ ಕೈಬರಹದ ಪಹಣಿಗಳನ್ನು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ತೆಗೆಸಿ ಸಾಲಾಗಿ ಜೋಡಿಸಿದಾಗ ಮಾತ್ರ ಹೊಲದ ಕಥೆ ಹೊರಬೀಳುತ್ತದೆ. ಪ್ರತಿ ಹೆಸರು ಬದಲಾದ ಕಡೆಯೂ ಅದಕ್ಕೆ ಆಧಾರವಾದ ಮ್ಯುಟೇಷನ್ ಪ್ರತಿಯನ್ನು ನೋಡಬೇಕು. ಹೆಸರು ಬದಲಾಗಿದೆ, ಆದರೆ ಆಧಾರವಿಲ್ಲ ಎಂದಾದರೆ ಅಲ್ಲಿಯೇ ನಿಲ್ಲಬೇಕು.

ಇಷ್ಟೆಲ್ಲ ಸರಿಯಾಗಿದ್ದರೂ ಪಹಣಿ ಒಡೆತನದ ಪತ್ರವಲ್ಲ. ಕಾಯಿದೆಯ 133ನೆಯ ಕಲಮು ಹೇಳುವುದು ಇಷ್ಟೇ: ಬೇರೆ ರೀತಿ ರುಜುವಾತಾಗುವವರೆಗೆ ಹಕ್ಕುದಾಖಲೆಯ ನಮೂದನ್ನು ಸರಿ ಎಂದು ಭಾವಿಸಬೇಕು. ‘ರುಜುವಾತಾಗುವವರೆಗೆ’ ಎಂಬ ಮಾತಿನಲ್ಲಿಯೇ ಎಲ್ಲ ವ್ಯಾಜ್ಯಗಳ ಬೀಜವಿದೆ. ಖಾತೆ ಬದಲಾವಣೆಯಿಂದ ಒಡೆತನ ಹುಟ್ಟುವುದಿಲ್ಲ, ಇದ್ದ ಒಡೆತನ ಸಾಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆ.

ಋಣಭಾರ ಪತ್ರದ ಮೌನ

ಎರಡನೆಯ ದಾಖಲೆ ಋಣಭಾರ ಪ್ರಮಾಣಪತ್ರ. ಜನರ ಬಾಯಲ್ಲಿ ಇ.ಸಿ. ಇದು ಕಂದಾಯ ಇಲಾಖೆಯ ಪಹಣಿಗಿಂತ ಬೇರೆಯದು; ಉಪನೋಂದಣಾಧಿಕಾರಿಯ ಕಚೇರಿಯದು. 1908ರ ನೋಂದಣಿ ಕಾಯಿದೆಯ ಪ್ರಕಾರ ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಕ್ರಯ, ದಾನ, ವಿಭಾಗಪತ್ರ, ಹಕ್ಕುಬಿಡುಗಡೆ ಮುಂತಾದವನ್ನು ನೋಂದಾಯಿಸಲೇಬೇಕು. ಹಾಗೆ ನೋಂದಣಿಯಾದ ವ್ಯವಹಾರಗಳ ಪಟ್ಟಿಯೇ ಇ.ಸಿ. ವ್ಯವಹಾರವಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಕರ್ನಾಟಕದಲ್ಲಿ ‘ಕಾವೇರಿ’ ಎಂಬ ಹೆಸರಿನ ಗಣಕ ವ್ಯವಸ್ಥೆ ಬಂದ ಮೇಲೆ 2004ರ ಏಪ್ರಿಲ್‌ನಿಂದೀಚಿನ ವಿವರಗಳು ಅಂತರಜಾಲದಲ್ಲಿ ಸಿಗುವಂತಾದವು. 2023ರಲ್ಲಿ ಅದರ ಎರಡನೆಯ ಆವೃತ್ತಿ ಜಾರಿಗೆ ಬಂತು. ಹಿಂದಿನ ಕಾಲದ ಕೈಬರಹದ ಸೂಚಿಗಳಿಗಾಗಿ ಕಚೇರಿಗೇ ಹೋಗಬೇಕಾಗುವುದುಂಟು.

‘ನಿಲ್ ಇ.ಸಿ.’ ಸಿಕ್ಕಿತೆಂದರೆ ಎಲ್ಲ ನಿರ್ಮಲ ಎಂದು ಭಾವಿಸುವವರು ಬಹಳ. ವಾಸ್ತವದಲ್ಲಿ ಆ ಪತ್ರ ಹೇಳುವುದು, ಕೇಳಿದ ಅವಧಿಯಲ್ಲಿ, ಕೇಳಿದ ವಿವರಕ್ಕೆ, ಆ ಕಚೇರಿಯ ಪುಸ್ತಕದಲ್ಲಿ ಏನೂ ಕಾಣಲಿಲ್ಲ ಎಂದು ಮಾತ್ರ. ಹಳೆಯ ಪತ್ರದಲ್ಲಿ ಸರ್ವೆ ನಂಬರಿನಿಂದ ಗುರುತಿಸಿದ್ದ ಜಾಗವನ್ನು ಈಗ ಖಾತೆ ನಂಬರಿನಿಂದ ಹುಡುಕಿದರೆ ಸಿಗದೆ ಹೋಗಬಹುದು. ಹಿಸ್ಸೆ ಒಡೆದಿರಬಹುದು; ಊರು ಒಂದು ಕಚೇರಿಯ ವ್ಯಾಪ್ತಿಯಿಂದ ಇನ್ನೊಂದಕ್ಕೆ ಹೋಗಿರಬಹುದು. ಆದ್ದರಿಂದ ಹಿಂದಿನ ಎಲ್ಲ ಗುರುತುಗಳನ್ನೂ ಕೊಟ್ಟು ಹುಡುಕಿಸಬೇಕಾಗುತ್ತದೆ.

ಇನ್ನು ಇ.ಸಿ.ಗೆ ಕಾಣದ ಸಂಗತಿಗಳೂ ಇವೆ. ಉಯಿಲನ್ನು ನೋಂದಾಯಿಸಲೇಬೇಕೆಂಬ ನಿಯಮವಿಲ್ಲ. ಅಣ್ಣತಮ್ಮಂದಿರು ಪಂಚರ ಮುಂದೆ ಬಾಯಿಮಾತಿನಲ್ಲಿ ಮಾಡಿಕೊಂಡ ಪಾಲು ಅದರಲ್ಲಿ ಬರುವುದಿಲ್ಲ. ನೋಂದಣಿಯಾಗದ ಕ್ರಯದ ಕರಾರು ಬರುವುದಿಲ್ಲ. ಮೂಲಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ತಂದ ಸಾಲ ಎಷ್ಟೋ ಸಲ ಇಲ್ಲಿ ಕಾಣುವುದಿಲ್ಲ. ಇಂಥ ಅಡಮಾನಗಳಿಗಾಗಿಯೇ 2011ರಿಂದ ‘ಸೆರ್ಸಾಯ್’ ಎಂಬ ಕೇಂದ್ರ ನೋಂದಣಿ ವ್ಯವಸ್ಥೆ ಇದೆ. ಶುಲ್ಕ ಕೊಟ್ಟು ಯಾರು ಬೇಕಾದರೂ ಅಲ್ಲಿ ಹುಡುಕಬಹುದು. ಎಲ್ಲಕ್ಕಿಂತ ಮಿಗಿಲಾಗಿ, ನಡೆಯುತ್ತಿರುವ ದಾವೆ ಇ.ಸಿ.ಯಲ್ಲಿ ಕಾಣದಿರಬಹುದು. ದಾವೆ ನಡೆಯುತ್ತಿರುವಾಗ ಕೊಂಡವನು ಅದರ ತೀರ್ಪಿಗೆ ತಾನೂ ಬದ್ಧ ಎಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 52ನೆಯ ಕಲಮು ಹೇಳುತ್ತದೆ. ನ್ಯಾಯಾಲಯಗಳ ಜಾಲತಾಣದಲ್ಲಿ ಮಾರುವವನ ಹೆಸರಿನಿಂದಲೂ ಅವನ ತಂದೆ, ಅಣ್ಣತಮ್ಮಂದಿರ ಹೆಸರಿನಿಂದಲೂ ಹುಡುಕುವುದು ಆದ್ದರಿಂದಲೇ ಅಗತ್ಯ. ತಹಶೀಲ್ದಾರ್, ಉಪವಿಭಾಗಾಧಿಕಾರಿಗಳ ಕಂದಾಯ ನ್ಯಾಯಾಲಯಗಳಲ್ಲಿಯೂ ವಿಚಾರಿಸಬೇಕು.

ಸರ್ಕಾರ ಹೊಣೆ ಹೊರುವುದಿಲ್ಲವೇ?

ಛಾಪಾ ಕಾಗದದ ಶುಲ್ಕ ಕಟ್ಟಿ, ಸರ್ಕಾರಿ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ, ಸರ್ಕಾರದ ಮುದ್ರೆ ಹಾಕಿಸಿಕೊಂಡ ಮೇಲೂ ಒಡೆತನಕ್ಕೆ ಸರ್ಕಾರ ಹೊಣೆಯಲ್ಲವೇ ಎಂಬುದು ಸಹಜವಾದ ಪ್ರಶ್ನೆ. ನಮ್ಮ ಪದ್ಧತಿಯಲ್ಲಿ ಅಲ್ಲ. ಇಲ್ಲಿ ನೋಂದಣಿಯಾಗುವುದು ಪತ್ರ, ಹಕ್ಕಲ್ಲ. ಇಂಥವನು ಇಂಥವನಿಗೆ ಹೀಗೆ ಬರೆದುಕೊಟ್ಟ ಎಂಬುದಕ್ಕೆ ಕಚೇರಿ ಸಾಕ್ಷಿ. ಬರೆದುಕೊಟ್ಟವನಿಗೆ ಹಾಗೆ ಬರೆದುಕೊಡುವ ಹಕ್ಕಿತ್ತೇ ಎಂಬುದನ್ನು ಕೊಳ್ಳುವವನೇ ನೋಡಿಕೊಳ್ಳಬೇಕು.

ಬೇರೆ ದಾರಿಯೂ ಇದೆ. ದಕ್ಷಿಣ ಆಸ್ಟ್ರೇಲಿಯದಲ್ಲಿ ರಾಬರ್ಟ್ ಟಾರೆನ್ಸ್ ಎಂಬಾತ 1858ರಲ್ಲಿ ಜಾರಿಗೆ ತಂದ ಪದ್ಧತಿಯಲ್ಲಿ ಸರ್ಕಾರಿ ವಹಿಯಲ್ಲಿ ಹೆಸರಿರುವುದೇ ಒಡೆತನ. ಹಿಂದಿನ ಪತ್ರಗಳ ಸರಮಾಲೆಯನ್ನು ಕೆದಕಬೇಕಾಗಿಲ್ಲ. ಭಾರತದಲ್ಲಿಯೂ ಅಂಥ ಖಾತರಿ ಬರಬೇಕೆಂದು 1989ರಲ್ಲಿ ಡಿ.ಸಿ. ವಾಧ್ವಾ ಅವರ ಏಕಸದಸ್ಯ ಸಮಿತಿ ಹೇಳಿತು. 2008ರಿಂದ ಕೇಂದ್ರ ಸರ್ಕಾರ ಭೂದಾಖಲೆಗಳ ಆಧುನೀಕರಣಕ್ಕೆ ಹಣ ಒದಗಿಸುತ್ತಿದೆ. ಆದರೆ ಖಾತರಿ ಕೊಡುವ ಮೊದಲು ಪ್ರತಿ ಹೊಲವನ್ನೂ ಅಳೆದು, ಪ್ರತಿ ತಕರಾರನ್ನೂ ಇತ್ಯರ್ಥಪಡಿಸಬೇಕು. ಅಲ್ಲಿಯವರೆಗೆ ಹಕ್ಕು ಎಂದರೆ ಪತ್ರಗಳ ಸರಪಳಿ. ಒಂದು ಕೊಂಡಿ ಕಳಚಿದರೂ ಸರಪಳಿ ಹೋಯಿತು. ಆದ್ದರಿಂದಲೇ ಮೂವತ್ತು ವರ್ಷದ ಪತ್ರಗಳನ್ನು ನೋಡಬೇಕೆಂಬ ರೂಢಿ. ಕರ್ನಾಟಕದಲ್ಲಿ ಕೃಷಿ ಭೂಮಿಯಾದರೆ ಅಷ್ಟಕ್ಕೇ ನಿಲ್ಲದೆ 1974ರ ಆಚೆಗೂ ಹೋಗುವುದು ಲೇಸು.

ಸಮಾಜದ ಕಥೆ ಹೊಲದಲ್ಲಿ

1974 ಏಕೆ? ಆ ವರ್ಷ ಮಾರ್ಚ್ 1ರಿಂದ, ದೇವರಾಜ ಅರಸು ಅವರ ಕಾಲದ ಭೂಸುಧಾರಣೆ ಜಾರಿಯಾಗಿ ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ನಮೂನೆ 7ರಲ್ಲಿ ಅರ್ಜಿ ಹಾಕಿದ ಗೇಣಿದಾರರಿಗೆ ಭೂ ನ್ಯಾಯಮಂಡಳಿ ಅಧಿಭೋಗದ ಹಕ್ಕು ಕೊಟ್ಟಿತು. ಹದಿನೈದು ವರ್ಷ ಪರಭಾರೆ ಮಾಡಬಾರದೆಂಬ ನಿರ್ಬಂಧವನ್ನೂ ಕಾಯಿದೆ ಹಾಕಿತು. ಆ ಕಾಲದಲ್ಲಿ ಪಹಣಿಯ ಹನ್ನೆರಡನೆಯ ಅಂಕಣದಲ್ಲಿ ಗೇಣಿದಾರನೊಬ್ಬನ ಹೆಸರಿದ್ದು, ನ್ಯಾಯಮಂಡಳಿಯ ಆದೇಶದ ಪ್ರತಿ ಸಿಗದಿದ್ದರೆ ಆ ಹೊಲದ ಕಥೆಯಲ್ಲಿ ಒಂದು ಅಧ್ಯಾಯ ಕಾಣೆಯಾಗಿದೆ ಎಂದೇ ಅರ್ಥ.

ಇನ್ನೊಂದು ಕಾಯಿದೆ 1978ರದು. ಜನ ಅದನ್ನು ಪಿ.ಟಿ.ಸಿ.ಎಲ್. ಎಂದೇ ಕರೆಯುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಳ್ಳುವಂತಿಲ್ಲ. ಕೊಂಡರೆ ಆ ಕ್ರಯ ಅಸಿಂಧು. ಜಮೀನು ಮೂಲ ಮಂಜೂರಾತಿದಾರನಿಗೆ ಅಥವಾ ಅವನ ವಾರಸುದಾರರಿಗೆ ಮರಳುತ್ತದೆ. ಬರಗಾಲದಲ್ಲಿ, ಕಾಯಿಲೆಯಲ್ಲಿ, ಮಗಳ ಮದುವೆಯಲ್ಲಿ ಚಿಕ್ಕಾಸಿಗೆ ಬರೆಸಿಕೊಂಡ ಜಮೀನುಗಳ ಕಥೆ ಈ ಕಾಯಿದೆಯ ಹಿಂದಿದೆ. ವಿಳಂಬವಾಗಿ ಬಂದ ಅರ್ಜಿಗಳನ್ನು ಒಪ್ಪಲಾಗದೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2023ರಲ್ಲಿ ರಾಜ್ಯ ಸರ್ಕಾರ ಕಾಲಮಿತಿ ಇಲ್ಲವೆಂದು ಕಾಯಿದೆಗೆ ತಿದ್ದುಪಡಿ ತಂದಿತು. ನಾಲ್ಕು ಕೈ ಬದಲಾಗಿ ಐದನೆಯವನು ಎಲ್ಲ ಪತ್ರ ಸರಿಯಿದೆಯೆಂದು ಕೊಂಡಿದ್ದರೂ ಮೊದಲ ಕ್ರಯವೇ ಅಸಿಂಧುವಾದರೆ ಉಳಿದವು ನಿಲ್ಲುವುದಿಲ್ಲ. ಹತ್ತನೆಯ ಅಂಕಣದ ಹಿಂದಿನ ವರ್ಷಗಳಲ್ಲಿ ‘ಮಂಜೂರು’ ಅಥವಾ ‘ದರಖಾಸ್ತು’ ಎಂಬ ಮಾತು ಕಂಡರೆ ಸಾಗುವಳಿ ಚೀಟಿಯನ್ನೂ ಅದರ ಷರತ್ತುಗಳನ್ನೂ ಓದದೆ ಬಿಡಬಾರದು.

ಮೂರನೆಯದು ಮನೆಯ ಹೆಣ್ಣುಮಕ್ಕಳ ಹಕ್ಕು. ಒಂದು ಉದಾಹರಣೆ ಊಹಿಸಿಕೊಳ್ಳಬಹುದು. ತಂದೆ ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳು ವಂಶವೃಕ್ಷ ಬರೆಸಿ, ಪೌತಿ ಖಾತೆ ಮಾಡಿಸಿ, ಜಂಟಿಯಾಗಿ ಜಮೀನು ಮಾರುತ್ತಾರೆ. ಪಹಣಿಯಲ್ಲಿ ಅವರಿಬ್ಬರದೇ ಹೆಸರು. ಇ.ಸಿ. ಸ್ವಚ್ಛ. ಆದರೆ ಮದುವೆಯಾಗಿ ಬೇರೆ ಊರಿನಲ್ಲಿರುವ ಅಕ್ಕನ ಹೆಸರು ವಂಶವೃಕ್ಷದಲ್ಲಿಯೇ ಇಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂಬ ಕಾನೂನು ದೇಶಕ್ಕೆಲ್ಲ 2005ರಲ್ಲಿ ಬಂತು. ಕರ್ನಾಟಕ ತನ್ನದೇ ತಿದ್ದುಪಡಿಯಿಂದ 1994ರಲ್ಲಿಯೇ ಆ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿತ್ತು. 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಅಕ್ಕ ದಾವೆ ಹೂಡಿದರೆ ತಪ್ಪು ಅವಳದಲ್ಲ. ಅವಳಿದ್ದಾಳೆಯೇ ಎಂದು ಕೇಳದ ಕೊಳ್ಳುವವನದು. ಇದನ್ನು ಯಾವ ಪರದೆಯೂ ಹೇಳುವುದಿಲ್ಲ. ಊರಿಗೆ ಹೋಗಿ, ಅರಳಿಕಟ್ಟೆಯ ಮೇಲೆ ಕುಳಿತ ಹಿರಿಯರನ್ನು ಮಾತಾಡಿಸಿದರೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಹೊಲಕ್ಕೆ ಹೋಗಿ ನೋಡುವುದು

ಪತ್ರದಲ್ಲಿರುವ ಜಾಗವೂ ತೋರಿಸಿದ ಜಾಗವೂ ಒಂದೇ ಎಂಬ ಖಾತರಿಯೂ ಬೇಕು. ಕ್ರಯಪತ್ರದ ಚೆಕ್ಕುಬಂದಿಯನ್ನು ಕೈಯಲ್ಲಿ ಹಿಡಿದು ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು ಎಂದು ನೆರೆಯವರನ್ನೇ ಕೇಳಬೇಕು. ಚೆಕ್ಕುಬಂದಿ ಬರೆಯುವ ಪದ್ಧತಿ ದಾನಶಾಸನಗಳಷ್ಟು ಹಳೆಯದು. ಮೂಡಲ ಕೆರೆ, ಪಡುವಲ ಹುತ್ತ, ತೆಂಕಲ ಕಲ್ಲು ಎಂಬ ಬಗೆಯ ಗುರುತುಗಳನ್ನು ಅಲ್ಲಿಯೂ ಕಾಣಬಹುದು. ಈಗ ನಿಂತ ಜಾಗ ಯಾವ ಸರ್ವೆ ನಂಬರಿನದು ಎಂದು ಮೊಬೈಲಿನಲ್ಲಿಯೇ ತೋರಿಸುವ ‘ದಿಶಾಂಕ್’ ಬಂದಿದೆ. ಹತ್ತಿರದಲ್ಲಿ ಕೆರೆ, ಗೋಮಾಳ, ರಾಜಕಾಲುವೆ ಇದೆಯೇ ಎಂಬ ಮೊದಲ ಸುಳಿವಿಗೆ ಅದು ಉಪಯುಕ್ತ. ಆದರೆ ಬೇಲಿ ಹಾಕಲು ಅದು ಆಧಾರವಲ್ಲ. ಗಡಿ ನಿರ್ಧರಿಸುವುದು ಸರ್ವೆ ಇಲಾಖೆಯ ಟಿಪ್ಪಣಿ, ಆಕಾರಬಂದ್, ಗ್ರಾಮನಕ್ಷೆ. ಸ್ಥಳದಲ್ಲಿ ಅಳೆಯುವವನು ಭೂಮಾಪಕ. ಒಂದು ಸರ್ವೆ ನಂಬರಿನ ಒಂದು ಭಾಗವನ್ನು ಮಾತ್ರ ಕೊಳ್ಳುವುದಾದರೆ 11 ಇ ನಕ್ಷೆ ಬೇಕು. ಪೋಡಿಯಾಗದ ಜಮೀನಿನಲ್ಲಿ ಕಾಗದದ ಮೇಲಿನ ಎರಡು ಎಕರೆ ನೆಲದ ಮೇಲೆ ಎಲ್ಲಿದೆ ಎಂಬುದು ಹಲವು ಊರುಗಳಲ್ಲಿ ಕೊನೆಯಿಲ್ಲದ ಜಗಳಕ್ಕೆ ಕಾರಣವಾಗಿದೆ.

ನಿವೇಶನ ಕೊಳ್ಳುವವರ ಪಾಡು ಬೇರೆ. ಕೃಷಿ ಜಮೀನಿನಲ್ಲಿ ಭೂಪರಿವರ್ತನೆ ಇಲ್ಲದೆ, ಬಡಾವಣೆಗೆ ಅನುಮೋದನೆ ಇಲ್ಲದೆ ಗೆರೆ ಎಳೆದು ಮಾರುವ ‘ಕಂದಾಯ ನಿವೇಶನ’ಗಳು ನಗರಗಳ ಸುತ್ತ ಹಬ್ಬಿವೆ. ಪಂಚಾಯಿತಿ ವ್ಯಾಪ್ತಿಯಲ್ಲಿ 2013ರಿಂದ ‘ಇ-ಸ್ವತ್ತು’ ನಮೂನೆಗಳು ಬಂದವು. 2024ರಲ್ಲಿ ನೋಂದಣಿಗೆ ಇ-ಖಾತೆ ಕಡ್ಡಾಯವಾಯಿತು. ಇದರಿಂದ ಒಂದೇ ನಿವೇಶನವನ್ನು ಇಬ್ಬರಿಗೆ ಮಾರುವುದು ಕಷ್ಟವಾಗಿದೆ. ಆದರೆ ಖಾತೆ ಎಂಬುದು ತೆರಿಗೆಯ ಲೆಕ್ಕ ಎಂಬ ಹಳೆಯ ಮಾತು ಇಲ್ಲಿಯೂ ನಿಜ. 500 ಚದರ ಮೀಟರಿಗಿಂತ ದೊಡ್ಡ ಬಡಾವಣೆ 2016ರ ರೇರಾ ಕಾಯಿದೆಯಡಿ ನೋಂದಣಿಯಾಗಿದೆಯೇ ಎಂದು ಅದರ ಜಾಲತಾಣದಲ್ಲಿ ನೋಡಬಹುದು. ಬರೀ ಜಿ.ಪಿ.ಎ. ಮತ್ತು ಕರಾರು ಪತ್ರದ ಮೇಲೆ ಒಡೆತನ ವರ್ಗಾವಣೆಯಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲಿಯೇ ಹೇಳಿದೆ. ಜಿ.ಪಿ.ಎ. ಹಿಡಿದು ಯಾರಾದರೂ ಮಾರಲು ಬಂದರೆ ಅಧಿಕಾರ ಕೊಟ್ಟವನನ್ನು ಎದುರಿಗೇ ನೋಡುವುದು ಕ್ಷೇಮ. ಅವನು ಸತ್ತರೆ ಸಾಮಾನ್ಯವಾಗಿ ಆ ಅಧಿಕಾರವೂ ಸತ್ತಂತೆ. ಕೃಷಿಕನಲ್ಲದವನು ಕೃಷಿ ಭೂಮಿ ಕೊಳ್ಳಬಾರದೆಂಬ 79 ಎ, 79 ಬಿ ಕಲಮುಗಳನ್ನು 2020ರ ತಿದ್ದುಪಡಿ ತೆಗೆದುಹಾಕಿತು. ಆ ಅಡ್ಡಿ ಹೋಯಿತೆಂದು ಉಳಿದ ಅಡ್ಡಿಗಳೂ ಹೋದವೆಂದು ತಿಳಿಯಬಾರದು.

ಎಲ್ಲ ನೋಡಿದ ಮೇಲೆ, ಮುಂಗಡ ಕೊಡುವ ಮೊದಲು, ಮೂರು ಕೆಲಸ ಉಳಿಯುತ್ತವೆ. ಮೂಲಪತ್ರಗಳನ್ನು ಕಣ್ಣಾರೆ ನೋಡಿ, ಕಚೇರಿಯಿಂದ ತೆಗೆಸಿದ ದೃಢೀಕೃತ ನಕಲಿನೊಡನೆ ಹೋಲಿಸುವುದು ಒಂದು. ಮೂಲಪತ್ರ ಕಳೆದುಹೋಗಿದೆ ಎಂದರೆ ಅದು ಬ್ಯಾಂಕಿನಲ್ಲಿ ಅಡವಿದ್ದಿರಬಹುದು. ತಿಳಿದ ವಕೀಲರಿಂದ ಪತ್ರಗಳ ಸರಪಳಿಯನ್ನು ಓದಿಸುವುದು ಎರಡನೆಯದು. ಆಕ್ಷೇಪಣೆ ಇದ್ದರೆ ತಿಳಿಸಿ ಎಂದು ದಿನಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡುವುದು ಮೂರನೆಯದು. ಹಾಳೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಆ ಪ್ರಕಟಣೆಗಳು ಹಿಂದಿನ ಡಂಗುರದ ಇಂದಿನ ರೂಪ.

ಹರ್ಷನ ಕಾಲದಲ್ಲಿ ಖೊಟ್ಟಿ ತಾಮ್ರಪಟವನ್ನು ಮುರಿಯಲು ಅರಸನೇ ಬರಬೇಕಾಯಿತು. ಇಂದು ಸಾಮಾನ್ಯ ಓದುಗನ ಕೈಗೇ ಆ ಪರೀಕ್ಷೆಯ ಸಾಧನಗಳು ಬಂದಿವೆ. ಅದು ಸಣ್ಣ ಸಂಗತಿಯಲ್ಲ. ಶಾನುಭೋಗನ ಕಡತವನ್ನು ಇಣುಕಿ ನೋಡಲೂ ಆಗದಿದ್ದ ರೈತನ ಮೊಮ್ಮಗಳು ಈಗ ಬೇರೆ ಊರಿನಲ್ಲಿ ಕುಳಿತೇ ತನ್ನ ತವರಿನ ಹೊಲದ ಪಹಣಿ ತೆಗೆದು, ಅದರಲ್ಲಿ ತನ್ನ ಹೆಸರು ಇದೆಯೋ ಇಲ್ಲವೋ ನೋಡಬಲ್ಲಳು. ಆದರೆ ಪಹಣಿ ಎಂಬ ಮಾತಿನ ಮೂಲ ಅರ್ಥ ಕಣ್ಣಾರೆ ನೋಡುವುದು ಎಂದೇ. ಪರದೆಯ ಮೇಲೆ ನೋಡಿದವನು ಒಮ್ಮೆ ಹೊಲದ ಬದುವಿನ ಮೇಲೂ ನಡೆದು, ಗಡಿಕಲ್ಲನ್ನು ಮುಟ್ಟಿ, ಪಕ್ಕದ ಹೊಲದವನ ಜೊತೆ ನಾಲ್ಕು ಮಾತಾಡಿ ಬಂದರೆ ಪಹಣಿ ಪೂರ್ತಿಯಾದಂತೆ.